ಲೆಕ್ಕ ತಪ್ಪಿದ ಕಾಯಿಲ್: ಒಂದು ವೈಂಡಿಂಗ್ ಅಂಗಡಿ, ಒಬ್ಬ ಹೊಸ ಅಪ್ರೆಂಟಿಸ್

ತೀರ್ಥಹಳ್ಳಿ ಕಡೆಯ ಒಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ನಡೆದ ವಿಷಯ ಇದು. ಸುಟ್ಟ ಮೋಟರಿನ ಕಾಯಿಲ್ (ತಾಮ್ರದ ತಂತಿಯ ಸುರುಳಿ) ತೆಗೆದು ಹೊಸದು ಸುತ್ತಿ ಕೂರಿಸುವ ಕೆಲಸ ಅಲ್ಲಿಯದು. ಅಪ್ರೆಂಟಿಸ್ ಆಗಿ ಸೇರಿದ ಹದಿನೆಂಟು ವರ್ಷದ ಹುಡುಗ ಎರಡು ತಿಂಗಳು ತುಂಬುವ ಹೊತ್ತಿಗೆ ಕೆಲಸಕ್ಕೆ ಬರುವುದನ್ನೇ ನಿಲ್ಲಿಸಿಬಿಟ್ಟ. ಯಾಕೆ ನಿಲ್ಲಿಸಿದ, ಹೇಗೆ ವಾಪಸ್ ಬಂದ, ಅಂಗಡಿಯಲ್ಲಿ ಏನೇನು ಬದಲಾಯಿತು ಅನ್ನೋದನ್ನು ಪೂರ್ತಿ ಬರೆಯುತ್ತೇನೆ. ಗ್ಯಾರೇಜು, ವೆಲ್ಡಿಂಗ್ ಶಾಪು, ಲೇತು ಇಟ್ಟುಕೊಂಡು ಮೊದಲ ಸಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸೇರಿಸಿಕೊಳ್ಳುವವರು ದಯವಿಟ್ಟು ಓದಿ. ಯಾರ ಗುರುತೂ ಬೇಡ ಅಂತ ಊರು, ಹೆಸರು ಬಿಟ್ಟಿದ್ದೇನೆ.

ನಾನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಪಾಠ ಮಾಡಿದವನು. ನಿವೃತ್ತಿಯಾದ ಮೇಲೂ ಹುಡುಗರು, ಅಂಗಡಿಯವರು ಫೋನ್ ಮಾಡುತ್ತಾರೆ. ಈ ಸಲ ಮಾಡಿದ್ದು ಅಂಗಡಿಯ ಯಜಮಾನರು. "ಸಾರ್, ನಿಮ್ಮ ಐಟಿಐ ಹುಡುಗ ಹೇಳದೆ ಕೇಳದೆ ಬಿಟ್ಟು ಹೋದ. ಈಗಿನ ಮಕ್ಕಳಿಗೆ ಕೆಲಸ ಬೇಡ ಮಾರಾಯ್ರೆ, ಮೊಬೈಲ್ ಸಾಕು" ಅಂದರು. ಈ ಮಾತನ್ನು ನಾನು ಎಷ್ಟು ಕಡೆ ಕೇಳಿದ್ದೇನೋ. ನಿಜವಾಗಿ ಏನಾಯಿತು ಅಂತ ವಿಚಾರಿಸಿದಾಗ ಹೆಚ್ಚಿನ ಸಲ ಮೊಬೈಲ್ ಸಿಕ್ಕಿಲ್ಲ, ಬೇರೆಯೇ ಏನೋ ಸಿಕ್ಕಿದೆ.

ಅಂಗಡಿ

ದೊಡ್ಡ ಅಂಗಡಿಯೇನಲ್ಲ. ಯಜಮಾನರು, ಇಬ್ಬರು ವೈಂಡರ್‌ಗಳು, ಬೋರ್‌ವೆಲ್ಲಿಂದ ಪಂಪ್ ಎತ್ತಿ ಇಳಿಸುವ ಇಬ್ಬರು, ಲೆಕ್ಕ ನೋಡಿಕೊಳ್ಳುವ ಯಜಮಾನರ ಹೆಂಡತಿ. ಅವರನ್ನು ಎಲ್ಲರೂ ಅಕ್ಕ ಅಂತಾರೆ. ಹಿರಿಯ ವೈಂಡರ್‌ಗೆ ಮೇಸ್ತ್ರಿ ಅಂತಲೇ ಹೆಸರು ನಿಂತಿದೆ. ಸುತ್ತಿನ ಅಡಿಕೆ ತೋಟಗಳ ಮೋಟರುಗಳಲ್ಲಿ ಅವರು ಬಿಚ್ಚದ ಮೋಟರ್ ಕಡಿಮೆ. ಕೆಲಸ ಅಷ್ಟು ಚೆನ್ನಾಗಿದೆ, ಮಾತು ಅಷ್ಟೇ ಕಡಿಮೆ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಒಂದು ಸೀಸನ್ ಇದೆ. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ. ಆಗ ಬರುವುದು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಪಂಪು, ಸಿಡಿಲಿಗೆ ಸುಟ್ಟ ಒಂದೊಂದು ಮೋಟರ್. ಕೊಯ್ಲು ಶುರುವಾದರೆ ಅಡಿಕೆ ಸುಲಿಯುವ ಮಷಿನ್. ಆದರೆ ಫೆಬ್ರವರಿಯಿಂದ ಮೇ ತನಕ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿಲ್ಲ. ತ್ರೀ ಫೇಸ್ ಕರೆಂಟ್, ಅಂದರೆ ಈ ಪಂಪುಗಳಿಗೆ ಬೇಕಾದ ಮೂರು ಲೈನಿನ ಕರೆಂಟ್, ಬರುವುದೇ ದಿನಕ್ಕೆ ಕೆಲವು ಗಂಟೆ, ಆ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಮೋಟರ್ ಹಾಕುತ್ತಾರೆ, ವೋಲ್ಟೇಜ್ ಇಳಿಯುತ್ತದೆ, ಎಲ್ಲೋ ಕೊಂಬೆ ಬಿದ್ದು ಒಂದು ಫೇಸ್ ಹೋದರೆ ಉಳಿದ ಎರಡರ ಮೇಲೆ ಭಾರ ಬಿದ್ದು ಕಾಯಿಲ್ ಸುಡುತ್ತದೆ. ಮೂರು ಫೇಸಿನ ಕಾಯಿಲ್‌ಗಳನ್ನು ಜೋಡಿಸುವ ರೀತಿ ಎರಡು. ಸ್ಟಾರ್ ಕನೆಕ್ಷನ್ ಇದ್ದರೆ ಎರಡು ಫೇಸಿನ ಕಾಯಿಲ್ ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿದಿರುತ್ತದೆ, ಡೆಲ್ಟಾ ಇದ್ದರೆ ಒಂದೇ ಫೇಸ್ ಸುಟ್ಟಿರುತ್ತದೆ. ಸ್ಟೇಟರ್ (ಕಾಯಿಲ್ ಕೂರುವ, ತಿರುಗದ ಭಾಗ) ನೋಡಿದ ಕೂಡಲೇ ಏನಾಗಿದೆ ಅಂತ ಹೇಳಬಹುದು. ಹೊಸ ಹುಡುಗನಿಗೆ ತೋರಿಸಿ ಕಲಿಸಲು ಇದಕ್ಕಿಂತ ಒಳ್ಳೆ ಪಾಠ ಬೇರೆ ಇಲ್ಲ. ಆದರೆ ಸುಟ್ಟ ಮೋಟರ್ ಹೊತ್ತು ತಂದ ರೈತ ಬಾಗಿಲಲ್ಲಿ ನಿಂತಿರುತ್ತಾನೆ, "ತೋಟ ಒಣಗ್ತಾ ಇದೆ, ನಾಳೆಗೆ ಬೇಕು" ಅಂತ. ಪಾಠ ಯಾರು ಮಾಡುತ್ತಾರೆ?

ಹುಡುಗ ಸೇರಿದ್ದು ಜನವರಿ ಕೊನೆಯಲ್ಲಿ. ಅಂದರೆ ಸೀಸನ್ ಬಾಗಿಲಿಗೆ ಬಂದಾಗ. ಯಜಮಾನರ ಲೆಕ್ಕ ಸರಳ, ಕೆಲಸ ಜಾಸ್ತಿ ಇರುವಾಗ ಒಂದು ಕೈ ಹೆಚ್ಚಿಗೆ ಇರಲಿ. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲೇ ಇದೆ. ಅಪ್ರೆಂಟಿಸ್ ಹೆಚ್ಚಿನ ಕೈ ಅಲ್ಲ, ಕಲಿಯಲು ಬಂದವನು. 1961ರ ಅಪ್ರೆಂಟಿಸ್ ಕಾಯ್ದೆ ಕೂಡ ಅವನನ್ನು ಕೆಲಸಗಾರ ಅನ್ನುವುದಿಲ್ಲ, ತರಬೇತಿಯಲ್ಲಿ ಇರುವವನು ಅನ್ನುತ್ತದೆ. ಜೂನ್‌ನಲ್ಲಿ ತೆಗೆದುಕೊಂಡಿದ್ದರೆ ಮಳೆಗಾಲವಿಡೀ ಕಲಿಸಲು ಸಮಯ ಇರುತ್ತಿತ್ತು. ಫೆಬ್ರವರಿ ಬರುವ ಹೊತ್ತಿಗೆ ಹುಡುಗ ತಯಾರಾಗಿರುತ್ತಿದ್ದ. ನಿಮ್ಮ ಕಸುಬಿಗೂ ಒಂದು ಸಡಿಲ ಕಾಲ ಇದ್ದೇ ಇರುತ್ತದೆ. ಹೊಸಬರನ್ನು ಆಗ ಸೇರಿಸಿಕೊಳ್ಳಿ.

ಹುಡುಗ

ಹೊಸನಗರ ತಾಲ್ಲೂಕಿನ ಒಳಗಿನ ಹಳ್ಳಿಯವನು. ಅಪ್ಪ ಅಡಿಕೆ ಕೊನೆ (ಗೊನೆ) ಕೊಯ್ಯುವ ಕೆಲಸಕ್ಕೆ ಹೋಗುತ್ತಾರೆ, ಅಮ್ಮ ಸುಲಿಯುವ ಕೆಲಸಕ್ಕೆ. ಮನೆಯಲ್ಲಿ ಐಟಿಐ ತನಕ ಓದಿದ ಮೊದಲನೆಯವನು ಇವನೇ. ಬೆಳಿಗ್ಗೆ ಆರೂವರೆ ಬಸ್ಸು ಹಿಡಿಯಬೇಕು, ಸಂಜೆ ಆರರ ಬಸ್ಸು ತಪ್ಪಿದರೆ ಮನೆಗೆ ದಾರಿ ಇಲ್ಲ. ಊರಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು.

ಮೊದಲ ದಿನ ಯಾರೂ ಅವನ ಹೆಸರು ಕೇಳಲಿಲ್ಲ. "ಏ ಐಟಿಐ, ಇಲ್ಲಿ ಬಾ" ಅನ್ನುವುದೇ ಹೆಸರಾಯಿತು. ಯಾರೂ ಕೆಟ್ಟ ಮನಸ್ಸಿಂದ ಹಾಗೆ ಕರೆದದ್ದಲ್ಲ. ಆದರೆ ಏನಾದರೂ ಗೊತ್ತಿಲ್ಲ ಅಂದಾಗ ಅದೇ ಹೆಸರು ತಿರುಗಿ ಬಂತು: "ಐಟಿಐಲಿ ಎಂತ ಕಲ್ಸಿದ್ರು ಮಾರಾಯ ನಿಂಗೆ?" ಇದನ್ನು ನಾಲ್ಕು ಸಲ ಕೇಳಿದ ಹುಡುಗ ಐದನೇ ಸಲ ಪ್ರಶ್ನೆ ಕೇಳುತ್ತಾನಾ? ಐಟಿಐಯಲ್ಲಿ ವೈಂಡಿಂಗ್ ಕಲಿಸುವುದಿಲ್ಲ ಅಂತಲ್ಲ, ಕಲಿಸುತ್ತೇವೆ. ಆದರೆ ಒಂದು ಮೋಟರಿನ ಸುತ್ತ ಇಡೀ ಬ್ಯಾಚ್ ನಿಂತಿರುತ್ತದೆ. ಕೈಗೆ ಒಂದೆರಡು ಕಾಯಿಲ್ ಸಿಕ್ಕರೆ ಪುಣ್ಯ. ಉಳಿದ ಕಲಿಕೆ ಅಂಗಡಿಯಲ್ಲೇ ಆಗಬೇಕು, ಅಪ್ರೆಂಟಿಸ್‌ಶಿಪ್ ಇರುವುದೇ ಅದಕ್ಕೆ.

ಮೊದಲ ವಾರಗಳಲ್ಲಿ ಅವನಿಗೆ ಸಿಕ್ಕಿದ ಕೆಲಸ: ಸುಟ್ಟ ಕಾಯಿಲ್ ಕತ್ತರಿಸಿ ಎಳೆಯುವುದು, ಸ್ಲಾಟ್ (ಕಾಯಿಲ್ ಕೂರುವ ಸೀಳು) ಕೆರೆದು ಸ್ವಚ್ಛ ಮಾಡುವುದು, ಟಾರ್ಚ್ ಹಿಡಿಯುವುದು, ಟೀ ತರುವುದು. ಇದರಲ್ಲಿ ತಪ್ಪಿಲ್ಲ. ಎಲ್ಲರೂ ಅಲ್ಲಿಂದಲೇ ಶುರು ಮಾಡಿದ್ದು. ತಪ್ಪಾಗಿದ್ದು ಬೇರೆ. ಈ ಸ್ಲಾಟ್ ಯಾಕೆ ಇಷ್ಟು ಸ್ವಚ್ಛ ಆಗಬೇಕು, ಒಂದು ಚೂರು ಹಳೆ ವಾರ್ನಿಷ್ ಉಳಿದರೆ ಒಳಗೆ ಹಾಸುವ ಹೊಸ ಇನ್ಸುಲೇಷನ್ ಪೇಪರ್ ಹರಿದು ತಂತಿ ಮೋಟರಿನ ಬಾಡಿಯನ್ನು ಮುಟ್ಟುತ್ತದೆ ಅಂತ ಯಾರೂ ಹೇಳಲಿಲ್ಲ. ಕಾರಣ ಗೊತ್ತಿದ್ದರೆ ಕೆರೆಯುವುದೂ ಕಲಿಕೆ. ಗೊತ್ತಿಲ್ಲದಿದ್ದರೆ ಅದು ಬರೀ ಕೆರೆಯುವುದು.

ಹಣದ ವಿಷಯ ಇನ್ನೊಂದು. ಯಜಮಾನರು ಕಾನೂನಿನ ಪ್ರಕಾರವೇ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಕರಾರು ಮಾಡಿಕೊಂಡಿದ್ದರು. ಇದನ್ನು ನಾನು ಮೆಚ್ಚುತ್ತೇನೆ, ಎಷ್ಟೋ ಜನ ಮಾಡುವುದಿಲ್ಲ. ನಾಲ್ಕು ಅಥವಾ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್ ತೆಗೆದುಕೊಳ್ಳಬಹುದು, ಮೂವತ್ತು ಅಥವಾ ಜಾಸ್ತಿ ಜನ ಇದ್ದರೆ ತೆಗೆದುಕೊಳ್ಳಲೇಬೇಕು. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7000 ರೂಪಾಯಿ ಸ್ಟೈಪೆಂಡ್ (ತರಬೇತಿ ಭತ್ಯೆ). (ಇದನ್ನು ಏರಿಸಬೇಕು ಅಂತ 2025ರಲ್ಲಿ ಶಿಫಾರಸು ಆಗಿದೆ, ಹಾಗಾಗಿ ಸೇರಿಸಿಕೊಳ್ಳುವ ದಿನ ಪೋರ್ಟಲ್‌ನಲ್ಲಿ ಎಷ್ಟಿದೆ ಅಂತ ನೋಡಿ.) ಕೇಂದ್ರ ಸರ್ಕಾರದ ಪ್ರೋತ್ಸಾಹ ಯೋಜನೆಯಲ್ಲಿ ಇದರ ಕಾಲು ಭಾಗ, ಹೆಚ್ಚೆಂದರೆ 1500 ರೂಪಾಯಿ, ಸರ್ಕಾರದಿಂದ ನೇರವಾಗಿ ಹುಡುಗನ ಖಾತೆಗೆ ಬರುತ್ತದೆ. ಯಜಮಾನರು 5500 ಕೊಟ್ಟರು. ಹುಡುಗನ ಖಾತೆಗೆ ಆಧಾರ್ ಸರಿಯಾಗಿ ಜೋಡಣೆ ಆಗಿರಲಿಲ್ಲ, 1500 ಬರಲಿಲ್ಲ. ಏಳು ಸಾವಿರ ಅಂತ ಹೇಳಿ ಐದೂವರೆ ಕೊಟ್ಟರು ಅಂತ ಮನೆಯವರು ತಿಳಿದುಕೊಂಡರು. ಯಜಮಾನರಿಗೆ ಇದು ಗೊತ್ತೇ ಇಲ್ಲ. ಹುಡುಗ ಕೇಳಲಿಲ್ಲ. ಅಕ್ಕ ಮೊದಲ ದಿನವೇ ಕೂರಿಸಿಕೊಂಡು "ಇಷ್ಟು ನಮ್ಮಿಂದ, ಇಷ್ಟು ಸರ್ಕಾರದಿಂದ, ಅದು ಬೇರೆ ದಿನ ಬರುತ್ತೆ, ಬರದಿದ್ರೆ ನಂಗೆ ಹೇಳು" ಅಂದಿದ್ದರೆ ಐದು ನಿಮಿಷದ ಮಾತು ಅಷ್ಟೆ.

ಮೋಟರ್ ವಾಪಸ್ ಬಂತು

ಮಾರ್ಚ್ ಮಧ್ಯದಲ್ಲಿ ಒಂದು ದಿನ ಎರಡನೇ ವೈಂಡರ್ ರಜೆ. ಐದು ಎಚ್‌ಪಿ ಮೋಟರ್ ಮೇಸ್ತ್ರಿ ಕೈಯಲ್ಲಿತ್ತು. ಕಾಯಿಲ್ ಸುತ್ತುವ ಕೆಲಸ ಹುಡುಗನಿಗೆ ಕೊಟ್ಟರು. ಅವನಿಗೆ ತುಂಬಾ ಖುಷಿಯಾಗಿತ್ತು ಅಂತ ಆಮೇಲೆ ಅವನೇ ಹೇಳಿದ.

ಕಾಯಿಲ್ ಸುತ್ತುವುದರಲ್ಲಿ ಸುತ್ತಿನ ಲೆಕ್ಕವೇ ಜೀವ. ಹಳೆ ಕಾಯಿಲ್‌ನಲ್ಲಿ ಎಷ್ಟು ಸುತ್ತು ಇತ್ತೋ ಅಷ್ಟೇ ಇರಬೇಕು, ಗೇಜ್ (ತಂತಿಯ ದಪ್ಪ) ಅದೇ ಇರಬೇಕು, ಎಲ್ಲ ಕಾಯಿಲ್ ಒಂದೇ ಸಮ ಇರಬೇಕು. ಕೈಯಿಂದ ತಿರುಗಿಸುವ ವೈಂಡಿಂಗ್ ಮಷಿನ್‌ನಲ್ಲಿ ಸುತ್ತು ಎಣಿಸುವ ಕೌಂಟರ್ ಇರುತ್ತದೆ. ಈ ಅಂಗಡಿಯ ಕೌಂಟರ್ ಕೆಟ್ಟು ವರ್ಷಗಳಾಗಿತ್ತು. ಮೇಸ್ತ್ರಿ ಬಾಯಲ್ಲಿ ಎಣಿಸದೆಯೇ, ಇನ್ನೊಬ್ಬರ ಜೊತೆ ಮಾತಾಡುತ್ತಲೇ ಸರಿಯಾಗಿ ಸುತ್ತುತ್ತಾರೆ. ಅವರಿಗೆ ಕೌಂಟರ್ ಬೇಡ, ಹಾಗಾಗಿ ಯಾರೂ ರಿಪೇರಿ ಮಾಡಿಸಲಿಲ್ಲ.

ಹುಡುಗ ಎಣಿಸುತ್ತಾ ಸುತ್ತುತ್ತಿದ್ದಾಗ ಹೊರಗಿಂದ ಯಾರೋ ಕರೆದರು, ಗಾಡಿಯಿಂದ ಪಂಪ್ ಇಳಿಸಲು ಕೈ ಹಾಕು ಅಂತ. ಹೋಗಿ ಬಂದ. ಲೆಕ್ಕ ಮರೆತಿತ್ತು. ಆಗ ಅವನ ಮುಂದೆ ಎರಡು ದಾರಿ. ಒಂದು, ಸುತ್ತಿದ್ದನ್ನು ಬಿಚ್ಚಿ ಮೊದಲಿಂದ ಶುರು ಮಾಡುವುದು. ತಾಮ್ರದ ತಂತಿ ಬಿಚ್ಚಿದರೆ ಗಂಟಾಗುತ್ತದೆ, ಅದರ ಮೇಲಿನ ಎನಾಮಲ್ ಲೇಪ ಕೆರೆದು ಹೋಗುತ್ತದೆ, ತಂತಿ ದುಬಾರಿ ಅಂತ ಅವನಿಗೆ ಗೊತ್ತು. ಇನ್ನೊಂದು, ಮೇಸ್ತ್ರಿಗೆ ಹೇಳುವುದು. ಹೇಳಿದರೆ "ಎಣಿಸೋಕೂ ಬರಲ್ವಾ" ಅನ್ನುತ್ತಾರೆ. ಅವನು ಮೂರನೆಯದನ್ನು ಮಾಡಿದ. ಅಂದಾಜಿನಲ್ಲಿ ಮುಂದುವರಿಸಿದ.

ಮೋಟರ್ ಹೋಯಿತು, ನಾಲ್ಕೇ ದಿನದಲ್ಲಿ ಸುಟ್ಟು ವಾಪಸ್ ಬಂತು. ಮೇಸ್ತ್ರಿ ಕಾಯಿಲ್ ತಲೆ ಕತ್ತರಿಸಿ ತಂತಿಯ ತುದಿಗಳನ್ನು ಎಣಿಸಿದರು. ಒಂದು ಕಾಯಿಲ್‌ನಲ್ಲಿ ಸುತ್ತು ಕಡಿಮೆ. ರೈತ ಕೂಗಾಡಿದ, ಅವನ ಸಿಟ್ಟಿಗೆ ಕಾರಣ ಇತ್ತು. ಯಜಮಾನರು ಅಲ್ಲೇ, ಗಿರಾಕಿಗಳ ಎದುರೇ ಹುಡುಗನಿಗೆ ಬೈದರು. ಕೊನೆಗೆ "ಈ ತಾಮ್ರದ ದುಡ್ಡು ನಿನ್ನ ಸ್ಟೈಪೆಂಡಲ್ಲಿ ಹಿಡೀತೀನಿ" ಅಂದರು. ಹುಡುಗ ಏನೂ ಮಾತಾಡಲಿಲ್ಲ. ಆರರ ಬಸ್ಸಿಗೆ ಹೋದ. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ಫೋನ್ ಹತ್ತಲಿಲ್ಲ.

ತಪ್ಪು ಯಾರದು

ನಾನು ಅಂಗಡಿಗೆ ಹೋದಾಗ ಎಲ್ಲರ ಹತ್ತಿರ ಬೇರೆ ಬೇರೆ ಕೂತು ಮಾತಾಡಿದೆ. ಮೇಸ್ತ್ರಿಯನ್ನು ಕೇಳಿದ ಮೊದಲ ಪ್ರಶ್ನೆ: ಮೋಟರ್ ಕಳಿಸುವ ಮೊದಲು ಮೂರೂ ಫೇಸಿನ ನೋ ಲೋಡ್ ಕರೆಂಟ್ (ಭಾರ ಹಾಕದೆ ತಿರುಗಿಸಿದಾಗಿನ ಕರೆಂಟ್) ಕ್ಲಾಂಪ್ ಮೀಟರ್ ಹಾಕಿ ನೋಡಿದ್ರಾ? ನೋಡಿದ್ದರೆ ಒಂದು ಫೇಸ್ ಬೇರೆ ತೋರಿಸುತ್ತಿತ್ತು. ಮೋಟರ್ ಅಂಗಡಿ ಬಿಡುತ್ತಲೇ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೀಸನ್ ಅಲ್ವಾ ಸಾರ್, ತಿರುಗ್ತು, ಕಳಿಸಿದ್ವಿ" ಅಂದರು. ಮೆಗ್ಗರ್ ಹಾಕಿದ್ದರು. ಮೆಗ್ಗರ್ ಮೀಟರ್ ಇನ್ಸುಲೇಷನ್ ಹೇಗಿದೆ ಅಂತ ಹೇಳುತ್ತದೆ, ಸುತ್ತಿನ ಲೆಕ್ಕ ಹೇಳುವುದಿಲ್ಲ.

ಅಂದರೆ ಒಂದು ಮೋಟರ್ ಸುಟ್ಟಿದ್ದಕ್ಕೆ ಮೂರು ಕಾರಣ ಇತ್ತು. ಕೌಂಟರ್ ಕೆಟ್ಟಿತ್ತು. ಎಣಿಸುತ್ತಿರುವವನನ್ನು ಎಬ್ಬಿಸಿ ಬೇರೆ ಕೆಲಸಕ್ಕೆ ಕರೆದರು. ಕೊನೆಯ ಪರೀಕ್ಷೆ ಬಿಟ್ಟರು. ಇವು ಮೂರೂ ಹುಡುಗನ ಕೈಯಲ್ಲಿ ಇರಲಿಲ್ಲ. ಅವನ ಕೈಯಲ್ಲಿ ಇದ್ದಿದ್ದು ನಾಲ್ಕನೆಯದು, ಲೆಕ್ಕ ತಪ್ಪಿದೆ ಅಂತ ಹೇಳುವುದು. ಅವನು ಹೇಳಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಳಿದರೆ ಏನಾಗುತ್ತದೆ ಅಂತ ಎರಡು ತಿಂಗಳಿಂದ ಆ ಅಂಗಡಿಯೇ ಅವನಿಗೆ ಕಲಿಸಿತ್ತು. ಯಜಮಾನರಿಗೆ ನಾನು ಇಷ್ಟೇ ಹೇಳಿದ್ದು: ಹುಡುಗರು ತಪ್ಪು ಮಾಡೇ ಮಾಡುತ್ತಾರೆ, ಅದರ ಖರ್ಚು ಚಿಕ್ಕದು, ಒಂದು ಕಾಯಿಲ್ ತಂತಿ. ತಪ್ಪನ್ನು ಮುಚ್ಚಿಟ್ಟರೆ ಖರ್ಚು ದೊಡ್ಡದು. ಇಡೀ ಮೋಟರ್, ಗಿರಾಕಿಯ ನಂಬಿಕೆ, ಹುಡುಗ, ಮೂರೂ ಹೋಗುತ್ತದೆ. ಹಾಗಾಗಿ ನಿಮ್ಮ ಮೊದಲ ಕೆಲಸ ವೈಂಡಿಂಗ್ ಕಲಿಸುವುದಲ್ಲ, "ತಪ್ಪಾಯ್ತು" ಅಂತ ಬಾಯಿ ಬಿಟ್ಟು ಹೇಳಲು ಅವನಿಗೆ ಧೈರ್ಯ ಬರುವ ಹಾಗೆ ಮಾಡುವುದು.

ಯಜಮಾನರು ಕೂಡಲೇ ಒಪ್ಪಲಿಲ್ಲ. "ನಾವೂ ಬೈಸಿಕೊಂಡೇ ಕಲಿತಿದ್ದು" ಅಂದರು. ಆಗಲಿ. ಅವರ ಜೊತೆ ಕಲಿಯಲು ಬಂದು ಬೈಸಿಕೊಂಡು ಬಿಟ್ಟು ಹೋದವರು ಎಷ್ಟು ಜನ ಅಂತ ಕೇಳಿದೆ. ಅವರು ನೆನಪು ಮಾಡಿಕೊಳ್ಳುತ್ತಾ ಹೋದರು. ಹೆಸರುಗಳು ಒಂದೊಂದಾಗಿ ಬಂದವು. ಉಳಿದವರ ಕಥೆ ಮಾತ್ರ ನಾವು ಕೇಳುತ್ತೇವೆ, ಹೋದವರು ಎಲ್ಲಿ ಹೋದರು ಅಂತ ಯಾರೂ ಕೇಳುವುದಿಲ್ಲ.

ಅತಿ ಹೆಚ್ಚು ಗೊತ್ತಿದ್ದುದು ಅಕ್ಕನಿಗೆ. ಹುಡುಗ ಬೆಳಿಗ್ಗೆ ತಿಂಡಿ ತಿನ್ನದೆ ಬಸ್ಸು ಹತ್ತುತ್ತಾನೆ, ಮಧ್ಯಾಹ್ನದ ಬುತ್ತಿಯನ್ನು ಹಿಂದಿನ ಸ್ಕ್ರ್ಯಾಪ್ ಇಡುವ ಶೆಡ್ಡಿನಲ್ಲಿ ಒಬ್ಬನೇ ಕೂತು ತಿನ್ನುತ್ತಾನೆ, ಸಂಜೆ ಐದೂವರೆ ಆದ ಕೂಡಲೇ ಗಡಿಯಾರ ನೋಡುತ್ತಾನೆ ಆದರೆ ಹೋಗಲಾ ಅಂತ ಕೇಳುವುದಿಲ್ಲ. ಎರಡು ಸಲ ಬಸ್ಸು ತಪ್ಪಿ ಬಸ್ ಸ್ಟ್ಯಾಂಡಿನಲ್ಲೇ ಮಲಗಿದ್ದನಂತೆ. ಇದೆಲ್ಲ ಅಕ್ಕ ಗಮನಿಸಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮ ಅಂಗಡಿಗಳಲ್ಲಿ ಲೆಕ್ಕದ ಮೇಜಿನ ಹಿಂದೆ ಕೂತ ಹೆಂಗಸರಿಗೆ ಕಾಣುವುದು ಕೆಲಸದ ಮೇಜಿನವರಿಗೆ ಕಾಣುವುದಿಲ್ಲ. ಅವರನ್ನು ಕೇಳಿ.

ಊಟದ ವಿಷಯ ಸಣ್ಣದು ಅಂತ ಬಿಡಬೇಡಿ. ಮಲೆನಾಡಿನಲ್ಲಿ ಯಾರು ಎಲ್ಲಿ ಕೂತು ಉಣ್ಣುತ್ತಾರೆ ಅನ್ನುವುದಕ್ಕೆ ಹಳೆಯ ಅರ್ಥಗಳಿವೆ. ಒಳಗೆ ಬಾ ಅಂತ ಯಾರೂ ಕರೆಯದಿದ್ದರೆ ಕೂಲಿ ಮಾಡುವವರ ಮನೆಯ ಹುಡುಗ ತಾನಾಗಿ ಒಳಗೆ ಬಂದು ಕೂರುವುದಿಲ್ಲ. ಹೊರಗೆ ಹೋಗು ಅಂತ ಯಾರೂ ಹೇಳಿಲ್ಲ ಅನ್ನುವುದು ಸಾಲದು. ಬಾ ಅಂತ ಹೇಳಬೇಕು.

ಮನೆಗೆ ಹೋಗಿದ್ದು

ಫೋನ್ ಮಾಡಿ ಕರೆಯುವುದು, ಇನ್ನೊಬ್ಬರ ಹತ್ತಿರ ಹೇಳಿ ಕಳಿಸುವುದು ಎರಡೂ ಬೇಡ ಅಂದೆ. ಕರಾರು ಮಾಡಿಕೊಂಡ ಮೇಲೆ "ಬರದಿದ್ದರೆ ಬಿಡು" ಅನ್ನುವ ಹಾಗೂ ಇಲ್ಲ. ಅದನ್ನು ಮುರಿಯಬೇಕಾದರೆ ಅಪ್ರೆಂಟಿಸ್‌ಶಿಪ್ ಅಡ್ವೈಸರ್‌ಗೆ (ಈ ಕಾಯ್ದೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಅರ್ಜಿ ಹಾಕಬೇಕು. ಆದರೆ ಯಜಮಾನರು ಹೊರಟಿದ್ದು ಕಾನೂನಿಗೆ ಹೆದರಿ ಅಲ್ಲ. ಅಕ್ಕ ಬಸ್ ಸ್ಟ್ಯಾಂಡಿನ ವಿಷಯ ಹೇಳಿದಾಗ ಅವರ ಮುಖ ಬದಲಾಗಿತ್ತು. ಭಾನುವಾರ ಗಂಡ ಹೆಂಡತಿ ಇಬ್ಬರೂ ಬೈಕಿನಲ್ಲಿ ಹೋದರು, ನಾನು ಹೋಗಲಿಲ್ಲ. ಮೂರನೆಯವನು ಇದ್ದರೆ ಪಂಚಾಯ್ತಿ ಆಗುತ್ತದೆ.

ಅಲ್ಲಿ ನಡೆದದ್ದನ್ನು ಅಕ್ಕ ಹೇಳಿದರು. ಹುಡುಗನ ಅಪ್ಪ ಮೊದಲು ಕೇಳಿದ್ದೇ ದುಡ್ಡಿನ ವಿಷಯ. "ತಾಮ್ರದ್ದು ಎಷ್ಟಾಯ್ತು ಸಾರ್, ಕೊನೆ ಕೊಯ್ಲು ದುಡ್ಡು ಬಂದ ಕೂಡ್ಲೆ ಕೊಡ್ತೀನಿ." ಯಜಮಾನರಿಗೆ ಮಾತೇ ಹೊರಡಲಿಲ್ಲವಂತೆ. ಆಮೇಲೆ, "ದುಡ್ಡು ಬೇಡ ಮಾರಾಯ್ರೆ. ಸಿಟ್ಟಲ್ಲಿ ಹೇಳಿದ್ದು. ಮೀಟರ್ ಹಾಕಿ ನೋಡ್ಬೇಕಾಗಿದ್ದು ನಾವು" ಅಂದರು. ಇದನ್ನು ಹುಡುಗನ ಎದುರೇ ಹೇಳಿದರು. ಗಿರಾಕಿಗಳ ಎದುರು ಬೈದವರು ಅಪ್ಪ ಅಮ್ಮನ ಎದುರು ಇಷ್ಟಾದರೂ ಹೇಳಬೇಕಿತ್ತು, ಹೇಳಿದರು. 1500ರ ಗೊಂದಲವೂ ಅಲ್ಲೇ ಬಿಡಿಸಿಕೊಂಡಿತು. ಅಕ್ಕ ಮರುದಿನವೇ ಹುಡುಗನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಆಧಾರ್ ಸರಿ ಮಾಡಿಸಿದರು.

ಬದಲಾಗಿದ್ದು

ಹುಡುಗನಿಗೆ ಒಬ್ಬ ವ್ಯಕ್ತಿಯನ್ನು ಗೊತ್ತು ಮಾಡಿದರು. ಮೇಸ್ತ್ರಿ ಅಲ್ಲ, ಎರಡನೇ ವೈಂಡರ್. ಎಲ್ಲರೂ ಮೇಸ್ತ್ರಿಯೇ ಕಲಿಸಲಿ ಅಂದುಕೊಂಡಿದ್ದರು. ಅತಿ ಚೆನ್ನಾಗಿ ಕೆಲಸ ಬರುವವರಿಗೆ ಕಲಿಸಲು ಬರುತ್ತದೆ ಅಂತೇನಿಲ್ಲ. ಮೇಸ್ತ್ರಿಯ ಕೈ ಎಷ್ಟು ವೇಗ ಅಂದರೆ ನೋಡುತ್ತಿರುವವನಿಗೆ ಏನು ನಡೆಯಿತು ಅಂತಲೇ ಗೊತ್ತಾಗುವುದಿಲ್ಲ. ಎರಡನೆಯವರು ಕಲಿತು ಇನ್ನೂ ಕೆಲವೇ ವರ್ಷ, ಎಲ್ಲಿ ಎಡವುತ್ತೇವೆ ಅನ್ನುವುದು ಅವರಿಗೆ ನೆನಪಿದೆ. ಕಲಿಸುವುದಕ್ಕೆ ಅವರಿಗೆ ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಡಿ ಅಂತ ನಾನು ಒತ್ತಿ ಹೇಳಿದೆ. ಕಲಿಸುವವರ ಸಮಯ ಹೋಗುತ್ತದೆ, ಅವರ ಕೈಯಿಂದ ಒಂದೆರಡು ಮೋಟರ್ ಕಡಿಮೆ ಆಗುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹದಿನೈದು ದಿನದಲ್ಲಿ ಅವರೂ "ಈಗ ಟೈಮಿಲ್ಲ ಹೋಗು" ಅನ್ನುತ್ತಾರೆ.

ಕೌಂಟರ್ ಹೊಸದು ಹಾಕಿಸಿದರು. ಕೆಲವು ನೂರು ರೂಪಾಯಿಯ ವಸ್ತು. ಕಾಯಿಲ್ ಸುತ್ತುತ್ತಿರುವವರನ್ನು ಯಾರೂ ಕರೆಯುವ ಹಾಗಿಲ್ಲ ಅಂತ ಯಜಮಾನರು ಎಲ್ಲರಿಗೂ ಹೇಳಿದರು, ತಮಗೂ ಸೇರಿಸಿ. ಆಗುಂಬೆ ಘಾಟಿಯ ತಿರುವಿನಲ್ಲಿ ಡ್ರೈವರ್ ಹತ್ತಿರ ಟಿಕೆಟ್ ಚಿಲ್ಲರೆ ಕೇಳುತ್ತೇವಾ?

ಪ್ರತಿ ಮೋಟರಿಗೆ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಎಚ್‌ಪಿ, ಸ್ಲಾಟ್, ಸುತ್ತು, ಗೇಜ್, ಪಿಚ್ (ಒಂದು ಕಾಯಿಲ್ ಎಷ್ಟು ಸ್ಲಾಟ್ ದಾಟುತ್ತದೆ), ಕನೆಕ್ಷನ್, ಸುತ್ತಿದವರು ಯಾರು, ಕೊನೆಗೆ ಮೂರು ಫೇಸಿನ ಕರೆಂಟ್. ಬರೆಯುವ ಕೆಲಸ ಹುಡುಗನದು. ಬರೆಯಬೇಕು ಅಂದರೆ ಮೀಟರ್ ಹಾಕಲೇಬೇಕು, ಹಾಗಾಗಿ ಬಿಟ್ಟು ಹೋಗಿದ್ದ ಪರೀಕ್ಷೆ ತಾನಾಗಿ ವಾಪಸ್ ಬಂತು. ಮೇಸ್ತ್ರಿ ತಲೆಯಲ್ಲಿದ್ದ ಡೇಟಾ ಮೊದಲ ಸಲ ಕಾಗದಕ್ಕೆ ಇಳಿಯುತ್ತಿದೆ. ಯಜಮಾನರಿಗೆ ಅತಿ ಇಷ್ಟವಾಗಿದ್ದು ಇದು.

ಇನ್ನೊಂದು ನಿಯಮ ಬಾಯಿ ಮಾತಿನದು: ಕರೆಂಟ್ ಕೊಡುವ ಮೊದಲು ಹೇಳಿದ ತಪ್ಪಿಗೆ ಬೈಗುಳ ಇಲ್ಲ. ಇದು ಹೇಳುವುದು ಸುಲಭ, ಪರೀಕ್ಷೆಯಾಗುವುದು ಮೊದಲ ಸಲ ಹುಡುಗ ಬಾಯಿ ಬಿಟ್ಟಾಗ. ಏಪ್ರಿಲ್‌ನಲ್ಲಿ ಒಂದು ದಿನ ಅವನೇ ಬಂದು, "ಅಣ್ಣ, ಒಂದು ಕಾಯಿಲ್ ಉಲ್ಟಾ ಜಾಯಿಂಟ್ ಆಗಿದೆ ಅನ್ಸುತ್ತೆ" ಅಂದ. ಸ್ಲೀವ್ ಹಾಕಿ ಕಟ್ಟಿ ಆಗಿತ್ತು, ವಾರ್ನಿಷ್ ಬಾಕಿ. ಮೇಸ್ತ್ರಿ "ಕಟ್ಟೋ ಮೊದ್ಲು ಕಣ್ಣು ಎಲ್ಲಿತ್ತು" ಅಂತ ಶುರು ಮಾಡಿದರು. ಯಜಮಾನರು ಅಲ್ಲೇ ಇದ್ದರು. "ಮೇಸ್ತ್ರಿ, ಈಗ ಹೇಳಿದ್ದಾನಲ್ಲ. ಬಿಚ್ಚಿ ನೋಡುವ" ಅಂದರು. ಬಿಚ್ಚಿದರು, ಉಲ್ಟಾ ಇತ್ತು. ಅರ್ಧ ಗಂಟೆ ಹೋಯಿತು, ಮೋಟರ್ ಉಳಿಯಿತು. ಮೇಸ್ತ್ರಿ ಎರಡು ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಹಿರಿಯರಿಗೆ ಬೇಜಾರಾಗುತ್ತದೆ, ಅದನ್ನೂ ಯಜಮಾನರು ಗಮನಿಸಬೇಕು. ಒಂದು ಸಂಜೆ ಅವರನ್ನು ಕರೆದುಕೊಂಡು ಹೋಗಿ ಮಾತಾಡಿದರಂತೆ, ಏನು ಮಾತಾಡಿದರೋ ನಾನು ಕೇಳಲಿಲ್ಲ.

ಹುಡುಗ ಈಗ ಐದೂವರೆಗೆ ಕೈ ತೊಳೆಯುತ್ತಾನೆ, ಕೇಳುವ ಅಗತ್ಯ ಇಲ್ಲ. ಸೀಸನ್‌ನಲ್ಲಿ ಅಪ್ರೆಂಟಿಸ್‌ಗಳನ್ನು ರಾತ್ರಿ ತನಕ ಕೂರಿಸುವ ಅಂಗಡಿಯವರು ಒಂದು ವಿಷಯ ತಿಳಿದಿರಲಿ. ಅಡ್ವೈಸರ್ ಒಪ್ಪಿಗೆ ಇಲ್ಲದೆ ಅಪ್ರೆಂಟಿಸ್ ಕೈಯಲ್ಲಿ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ಒಪ್ಪಿಗೆ ಕೊಡುವಾಗಲೂ ಅದು ತರಬೇತಿಗೋ ಸಾರ್ವಜನಿಕ ಹಿತಕ್ಕೋ ಬೇಕಾ ಅಂತ ನೋಡುತ್ತಾರೆ, ನಿಮ್ಮ ಗಿರಾಕಿಯ ಅವಸರ ನೋಡುವುದಿಲ್ಲ. ಸ್ಟೈಪೆಂಡನ್ನು ಮೋಟರಿಗೆ ಇಷ್ಟು ಅಂತ ಪೀಸ್ ಲೆಕ್ಕದಲ್ಲಿ ಕೊಡುವ ಹಾಗೂ ಇಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಯಜಮಾನನದೇ.

ಪೆಟ್ಟಿನ ವಿಷಯ ಬಂತಲ್ಲ, ಇದನ್ನು ಕೈ ಮುಗಿದು ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಟಿಸಿಯ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋದರೆ ಲೈನ್‌ಮನ್ ಬರುವ ತನಕ ಯಾರೂ ಕಾಯುವುದಿಲ್ಲ. ಪಂಪ್ ಬಿಡಲು ಹೋದ ಅಂಗಡಿಯ ಹುಡುಗನನ್ನೇ "ನೀನು ಕರೆಂಟ್ ಓದಿದೋನಲ್ವಾ, ಒಂಚೂರು ಹಾಕು" ಅನ್ನುತ್ತಾರೆ. ಹೊಸ ಹುಡುಗನಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹೋಗಿ ಹಾಕುತ್ತಾನೆ. ಕಂಬ, ಟಿಸಿ ಕರೆಂಟ್ ಕಂಪನಿ ಮೆಸ್ಕಾಂನವರ ಕೆಲಸ. ನಿಮ್ಮ ಹುಡುಗ ಅಲ್ಲಿಗೆ ಕೈ ಹಾಕಬಾರದು ಅಂತ ನೀವೇ ಹೇಳಿ, ಗಿರಾಕಿಗೂ ಹೇಳಿ. "ನಮ್ಮ ಯಜಮಾನರು ಬೇಡ ಅಂದಿದ್ದಾರೆ" ಅನ್ನಲು ಅವನ ಹತ್ತಿರ ಒಂದು ಮಾತು ಇರಬೇಕು. ಈ ಅಂಗಡಿಯಲ್ಲಿ ಮೊದಲ ಆರು ತಿಂಗಳು ಹುಡುಗ ಪಂಪ್ ಎತ್ತಲು ಹೋಗುವುದೇ ಬೇಡ ಅಂತ ಮಾಡಿದ್ದಾರೆ. ಚೈನ್ ಬ್ಲಾಕಿನಲ್ಲಿ ನೂರಾರು ಅಡಿ ಪೈಪು ನೇತಾಡುತ್ತಿರುವ ಜಾಗ ಅದು. ಅಪ್ರೆಂಟಿಸ್ ಆಗಲು ಹದಿನಾಲ್ಕು ವರ್ಷ ಸಾಕು ಅಂತ ಕಾಯ್ದೆ ಹೇಳಿದರೂ ಅಪಾಯದ ಕೆಲಸಗಳಿಗೆ ಹದಿನೆಂಟು ತುಂಬಿರಬೇಕು.

ಎಲ್ಲವೂ ಸರಿಹೋಯಿತು ಅಂತಲ್ಲ. ದಿನಾ ಸಂಜೆ ಕಲಿತದ್ದನ್ನು ವಾಟ್ಸಾಪ್‌ನಲ್ಲಿ ಕಳಿಸು ಅಂದಿದ್ದರು ಯಜಮಾನರು. ಗುಡ್ಡ ಹತ್ತಿ ಕಳಿಸಬೇಕಲ್ಲ, ಎರಡೇ ವಾರಕ್ಕೆ ನಿಂತಿತು. ಅದರ ಬದಲು ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಅವಲಕ್ಕಿಯೋ ಉಪ್ಪಿಟ್ಟೋ ತಿನ್ನುವಾಗ ಎರಡನೇ ವೈಂಡರ್ ನಿನ್ನೆಯ ಪುಟ ತೆಗೆದು ಕೇಳುತ್ತಾರೆ. ಇದು ಉಳಿದುಕೊಂಡಿದೆ. ಮೇಸ್ತ್ರಿ ಈಗಲೂ ನೋಟ್‌ಬುಕ್ ಮುಟ್ಟುವುದಿಲ್ಲ, ಅವರು ಹೇಳಿದ್ದನ್ನು ಹುಡುಗ ಬರೆದುಕೊಳ್ಳುತ್ತಾನೆ. "ಏ ಐಟಿಐ" ಮಾತ್ರ ಪೂರ್ತಿ ನಿಂತಿದೆ, ಹೆಸರು ಹಿಡಿದೇ ಕರೆಯುತ್ತಾರೆ.

ಈಗ

ಮಳೆಗಾಲದಲ್ಲಿ ಹುಡುಗ ಮೋನೋಬ್ಲಾಕ್ (ಪಂಪು, ಮೋಟರ್ ಒಂದೇ ಆಗಿರುವ) ಮೋಟರನ್ನು ಶುರುವಿಂದ ಕೊನೆ ತನಕ ಒಬ್ಬನೇ ವೈಂಡ್ ಮಾಡಿದ. ಪೇಪರ್ ಕತ್ತರಿಸುವುದರಿಂದ ಸ್ಲಾಟ್ ಮುಚ್ಚಲು ಬಿದಿರ ಕಡ್ಡಿ ಸೇರಿಸುವ ತನಕ. ಸಬ್‌ಮರ್ಸಿಬಲ್ (ಬೋರ್‌ವೆಲ್ ನೀರೊಳಗೆ ಇರುವ ಮೋಟರ್) ಇನ್ನೂ ಕೈ ಹತ್ತಿಲ್ಲ. ಅದರ ಪಾಲಿ ವೈರ್ (ಪ್ಲಾಸ್ಟಿಕ್ ಹೊದಿಕೆಯ ತಂತಿ) ದಪ್ಪ, ಸ್ಲಾಟ್ ಇಕ್ಕಟ್ಟು, ಸಮಯ ಬೇಕು.

ಯಜಮಾನರಿಗೆ ಈಗ ಬೇರೆ ಚಿಂತೆ. "ಇಷ್ಟು ಕಲಿಸಿದ ಮೇಲೆ ಬೆಂಗಳೂರಿಗೆ ಹೋದ್ರೆ?" ಹೋಗಬಹುದು. ಕರಾರಿನಲ್ಲಿ ಬರೆದಿಲ್ಲದಿದ್ದರೆ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಅವರಿಗೂ ಇಲ್ಲ, ಇಲ್ಲೇ ಇರಬೇಕು ಅಂತ ಅವನಿಗೂ ಇಲ್ಲ. ಉಳಿಸಿಕೊಳ್ಳುವ ಆಸೆ ಇದ್ದರೆ ಕೊನೆಯ ತಿಂಗಳ ತನಕ ಕಾಯಬೇಡಿ, ಮುಂದೆ ಸಂಬಳ ಎಷ್ಟು ಕೊಡುತ್ತೀರಿ ಅಂತ ಈಗಲೇ ಬಾಯಿ ಬಿಟ್ಟು ಹೇಳಿ ಅಂದೆ. ಹೇಳಿದ್ದಾರೆ. ಹುಡುಗ ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾನೆ. ಬಾಡಿಗೆ ರೂಮಿನ ಖರ್ಚು ಕಳೆದರೆ ಬೆಂಗಳೂರಿನ ಸಂಬಳದಲ್ಲಿ ಎಷ್ಟು ಉಳಿಯುತ್ತದೆ ಅಂತ ಅಕ್ಕ ಅವನ ಜೊತೆ ಕೂತು ಲೆಕ್ಕ ಹಾಕಿದ್ದಾರೆ, ಯಾವ ಕಡೆಗೂ ಒತ್ತಾಯ ಮಾಡದೆ.

ಇನ್ನೊಂದು ಸುದ್ದಿ. ಅದೇ ತಾಲ್ಲೂಕಿನ ಒಬ್ಬಳು ಹುಡುಗಿ, ಎಲೆಕ್ಟ್ರಿಷಿಯನ್ ಮುಗಿಸಿದವಳು, ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳುತ್ತೀರಾ ಅಂತ ಕೇಳಿಕೊಂಡು ಬಂದಿದ್ದಳು. ಯಜಮಾನರು ನನಗೆ ಫೋನ್ ಮಾಡಿದರು. ಅಂಗಡಿಯಲ್ಲಿ ಶೌಚಾಲಯ ಇಲ್ಲ, ಗಂಡಸರು ಹೇಗೋ ನಡೆಸಿಕೊಂಡು ಬಂದಿದ್ದಾರೆ, ಅಕ್ಕ ಪಕ್ಕದ ಮನೆಗೆ ಹೋಗುತ್ತಾರೆ. ಮೊದಲು ಅದು ಕಟ್ಟಿಸಿ, ಅವಳಿಗೆ ಯಾರು ಕಲಿಸುತ್ತಾರೆ ಅಂತ ಗೊತ್ತು ಮಾಡಿ, ಬಸ್ಸಿನ ಸಮಯ ಕೇಳಿಕೊಳ್ಳಿ, ಜೂನ್‌ನಲ್ಲಿ ಬರಲಿ ಅಂದೆ. ಹಿಂದಿನ ಶೆಡ್ಡಿನ ಸ್ಕ್ರ್ಯಾಪ್ ತೆಗೆಸಿ ಅಲ್ಲೇ ಕಟ್ಟಿಸುತ್ತಿದ್ದಾರೆ.